ನಾಯಿಗೆ ಯಾವ ಹಣ್ಣು ಕೊಡೋಣ: ಪರಂಗಿಯೋ, ಬಾಳೆಯೋ, ಮಾವೋ?

ಪರಂಗಿ ಹಣ್ಣಿಗೆ ಚಾಕು ಹಾಕಿದರೆ ಸಾಕು, ನಮ್ಮ ಕೆಂಚ ಎಲ್ಲಿದ್ದರೂ ಹಾಜರ್. ತಾರಸಿ ಮೇಲೆ ಬಿಸಿಲು ಕಾಯಿಸುತ್ತಾ ಮಲಗಿದವನಿಗೆ ಅಡುಗೆಮನೆಯ ಸದ್ದು ಹೇಗೆ ಕೇಳುತ್ತದೋ ದೇವರೇ ಬಲ್ಲ. ಬಂದು ನನ್ನ ಮಂಡಿ ಮೇಲೆ ಗದ್ದ ಇಟ್ಟು ಕೂರುತ್ತಾನೆ. ಬೊಗಳುವುದಿಲ್ಲ, ಕೆರೆಯುವುದಿಲ್ಲ. ಸುಮ್ನೆ ನೋಡುತ್ತಾನೆ. ಐದು ನಿಮಿಷದಲ್ಲಿ ಪ್ಯಾಂಟು ಒದ್ದೆ.

ನಾಯಿ ಸಾಕಿದವರ ಮನೆಯಲ್ಲೆಲ್ಲ ಇದೇ ಕಥೆ. ಒಂದು ಹೋಳು ಕೊಟ್ಟರೆ ಏನಾಗುತ್ತೆ ಅಂತ ಮನಸ್ಸು ಹೇಳುತ್ತದೆ. ಕೊಟ್ಟರೆ ತಪ್ಪಾದೀತಾ ಅಂತ ಭಯವೂ ಇರುತ್ತದೆ. ಕೆಲವು ಹಣ್ಣು ಧಾರಾಳವಾಗಿ ಕೊಡಬಹುದು, ಕೆಲವನ್ನು ಬೀಜ ತೆಗೆದು ಕೊಡಬಹುದು, ಒಂದೆರಡನ್ನು ನಾಯಿಯ ಮೂಗಿಗೂ ಹಿಡಿಯಬಾರದು. ನಮ್ಮೂರಿನ ತಳ್ಳುಗಾಡಿಯಲ್ಲಿ, ಸಂತೆಯಲ್ಲಿ, ದೇವರ ಮುಂದಿನ ತಟ್ಟೆಯಲ್ಲಿ ಸಿಗುವ ಹಣ್ಣುಗಳನ್ನೇ ಒಂದರ ಪಕ್ಕ ಒಂದಿಟ್ಟು ನೋಡೋಣ.

ಮೊದಲೇ ಒಂದು ಮಾತು. ನಾಯಿಗೆ ಹಣ್ಣು ಬೇಕೇ ಬೇಕು ಅಂತೇನಿಲ್ಲ. ನಮಗೆ ಸಿ ವಿಟಮಿನ್ ಹೊರಗಿನಿಂದಲೇ ಬರಬೇಕು, ಅದಕ್ಕೇ ನೆಲ್ಲಿಕಾಯಿ, ಕಿತ್ತಳೆ ಅಂತ ಹುಡುಕುತ್ತೇವೆ. ನಾಯಿ ಅದನ್ನು ತನ್ನ ಲಿವರ್‌ನಲ್ಲೇ ತಯಾರು ಮಾಡಿಕೊಳ್ಳುತ್ತದೆ. ಹಾಗಾದರೆ ಹಣ್ಣಿಗೆ ಯಾಕೆ ಬಾಯಿ ಬಿಡುತ್ತದೆ? ಸಿಹಿ ಅಂದರೆ ಅದಕ್ಕೆ ಇಷ್ಟ, ಅಷ್ಟೇ. ಬೆಕ್ಕಿಗೆ ಸಿಹಿ ರುಚಿ ಗೊತ್ತಾಗುವುದೇ ಇಲ್ಲ, ನಾಯಿಗೆ ಚೆನ್ನಾಗಿ ಗೊತ್ತಾಗುತ್ತದೆ. ಆದ್ದರಿಂದ ಹಣ್ಣನ್ನು ಊಟ ಅಂತ ಲೆಕ್ಕ ಹಿಡಿಯಬೇಡಿ. ಅದು ಬಾಯಾಡಿಸುವ ತಿಂಡಿ. ಅಂಗಡಿಯ ಬಿಸ್ಕತ್ತಿನ ಬದಲು ಕೊಡುವಂಥದ್ದು, ಬಿಸ್ಕತ್ತಿನ ಜೊತೆಗೆ ಕೊಡುವಂಥದ್ದಲ್ಲ.

ಎಷ್ಟು ಅನ್ನೋದು ಮೊದಲು

ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ ಹೀಗಿದೆ: ದಿನಕ್ಕೆ ಬೇಕಾದ ಕ್ಯಾಲೊರಿಯಲ್ಲಿ 10 ಭಾಗದಲ್ಲಿ 1 ಭಾಗಕ್ಕಿಂತ ಹೆಚ್ಚು ತಿಂಡಿಯಿಂದ ಬರಬಾರದು. ನಮ್ಮ ಕೆಂಚ 16 ಕೆಜಿ ಇದ್ದಾನೆ. ಬೀದಿಯಿಂದ ಬಂದ ನಾಟಿ ನಾಯಿ, ಮರಿ ಆಗದ ಹಾಗೆ ಆಪರೇಷನ್ ಆಗಿದೆ, ದಿನಕ್ಕೆ ಎರಡು ಸಲ ವಾಕಿಂಗ್. ಇಂಥ ನಾಯಿಗೆ ದಿನಕ್ಕೆ ಸುಮಾರು 900 ಕ್ಯಾಲೊರಿ ಬೇಕು. ಅಂದರೆ ತಿಂಡಿಯ ಪಾಲು 90. ಅದರಲ್ಲಿ ಚಪಾತಿ ತುಂಡು, ಬಿಸ್ಕತ್ತು, ಅಮ್ಮ ಕದ್ದು ಕೊಡುವ ಇಡ್ಲಿ ಎಲ್ಲವೂ ಸೇರಿತು. ಹಾಗಾಗಿ ಹಣ್ಣಿಗೆ ನಾನು ಇಟ್ಟಿರುವುದು ಅದರ ಅರ್ಧ, 45 ಕ್ಯಾಲೊರಿ.

ಈ 45ಕ್ಕೆ ಯಾವ ಹಣ್ಣು ಎಷ್ಟು ಬರುತ್ತದೆ ಅಂತ ನೋಡಿದರೆ ಅರ್ಧ ತೀರ್ಮಾನ ಅಲ್ಲೇ ಆಗುತ್ತದೆ. ಕಲ್ಲಂಗಡಿ 150 ಗ್ರಾಂ, ಒಂದು ಬಟ್ಟಲು ತುಂಬ ಹೋಳು. ಪರಂಗಿ 100 ಗ್ರಾಂ. ಸೇಬು 85 ಗ್ರಾಂ, ಚಿಕ್ಕ ಸೇಬಿನಲ್ಲಿ ಮುಕ್ಕಾಲು. ಮಾವು 75 ಗ್ರಾಂ, ಒಂದು ಕೆನ್ನೆಯೂ ಪೂರ್ತಿ ಆಗಲಿಕ್ಕಿಲ್ಲ. ಏಲಕ್ಕಿ ಬಾಳೆ ಒಂದು. ಸಪೋಟ ಅರ್ಧದ ಆಸುಪಾಸು. ಒಣ ಖರ್ಜೂರ ಎರಡಕ್ಕೆ ಮುಗೀತು. ಒಂದೊಂದೇ ಹೋಳು ಎಸೆದು ಆಟ ಆಡಿಸುವುದೇ ನಿಮಗೆ ಖುಷಿ ಅಂತಾದರೆ ಕಲ್ಲಂಗಡಿ ಮುಂದೆ ಯಾವ ಹಣ್ಣೂ ನಿಲ್ಲುವುದಿಲ್ಲ.

5 ಕೆಜಿಯ ಚಿಕ್ಕ ನಾಯಿಗೆ ಇದೇ ಲೆಕ್ಕದಲ್ಲಿ ಹಣ್ಣಿನ ಪಾಲು 18 ಕ್ಯಾಲೊರಿ. ಅರ್ಧ ಏಲಕ್ಕಿ ಬಾಳೆಗಿಂತ ಕಡಿಮೆ! 30 ಕೆಜಿಯ ಲ್ಯಾಬ್ರಡಾರ್‌ಗೆ 70. ಇದು ದಿನದ ಗರಿಷ್ಠ. ದಿನಾ ಕೊಡಬೇಕು ಅಂತ ಅರ್ಥವಲ್ಲ. ನಾವು ವಾರಕ್ಕೆ ಎರಡು ಮೂರು ಸಲ ಕೊಡುತ್ತೇವೆ.

ದ್ರಾಕ್ಷಿ, ಒಣದ್ರಾಕ್ಷಿ, ಹುಣಸೆ: ಇಲ್ಲಿ ಹೋಲಿಕೆಯೇ ಇಲ್ಲ

ಮೂರು ವರ್ಷದ ಹಿಂದೆ ವರಮಹಾಲಕ್ಷ್ಮಿ ಹಬ್ಬದ ಸಂಜೆ. ಅರಿಶಿನ ಕುಂಕುಮಕ್ಕೆ ಬಂದವರೆಲ್ಲ ಹೋಗಿದ್ದರು. ದೇವರ ಮುಂದೆ ಐದು ಬಗೆಯ ಹಣ್ಣಿನ ತಟ್ಟೆ. ನಾನು ಬಾಗಿಲವರೆಗೆ ಹೋಗಿ ಬರುವಷ್ಟರಲ್ಲಿ ತಟ್ಟೆಯಲ್ಲಿ ದ್ರಾಕ್ಷಿ ಇರಲಿಲ್ಲ, ಬರೀ ತೊಟ್ಟಿನ ಗೊಂಚಲು ಉಳಿದಿತ್ತು. ಪಕ್ಕದಲ್ಲಿ ಕೆಂಚ, ನಾಲಿಗೆ ಒರೆಸಿಕೊಳ್ಳುತ್ತಾ. ಮಿಕ್ಕ ಹಣ್ಣು ಮುಟ್ಟಿರಲಿಲ್ಲ.

"ಪ್ರಸಾದ ಅಲ್ವೇನೋ, ಏನೂ ಆಗಲ್ಲ ಬಿಡು" ಅಂದರು ಅಮ್ಮ. ನನಗೂ ಹಾಗೇ ಅನಿಸಿತ್ತು. ಸುಮ್ನೆ ಒಂದು ಮಾತು ಕೇಳೋಣ ಅಂತ ಡಾಕ್ಟರಿಗೆ ಫೋನ್ ಮಾಡಿದೆ. ಆ ಕಡೆಯಿಂದ ಎರಡೇ ಪ್ರಶ್ನೆ: "ಎಷ್ಟು ತಿಂದ? ಎಷ್ಟೊತ್ತಾಯ್ತು?" ಉತ್ತರ ಕೇಳಿ, "ಈಗಲೇ ಕರ್ಕೊಂಡು ಬನ್ನಿ" ಅಂದರು. ಹೋದ ತಕ್ಷಣ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದರು. ಇಪ್ಪತ್ತಕ್ಕೂ ಹೆಚ್ಚು ದ್ರಾಕ್ಷಿ ಬಂತು, ಬಹಳಷ್ಟು ಇಡಿಯಾಗಿಯೇ. ಅಗಿದೇ ಇರಲಿಲ್ಲ ಮಹಾಶಯ. ಆಮೇಲೆ ಎರಡು ದಿನ ಡ್ರಿಪ್, ಮೂರು ಸಲ ರಕ್ತ ಪರೀಕ್ಷೆ. ಕಿಡ್ನಿ ಕೆಟ್ಟರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಏರಲಿಲ್ಲ. ಬಚಾವಾದ.

ದ್ರಾಕ್ಷಿ ನಾಯಿಯ ಕಿಡ್ನಿಯನ್ನು ಹಾಳು ಮಾಡುತ್ತದೆ. ಸಾಮಾನ್ಯವಾಗಿ ಒಂದು ದಿನದೊಳಗೆ ವಾಂತಿ ಶುರುವಾಗುತ್ತದೆ. ಊಟ ಬಿಡುತ್ತದೆ, ಮಂಕಾಗುತ್ತದೆ. ಒಂದರಿಂದ ಮೂರು ದಿನದೊಳಗೆ ಮೂತ್ರ ಕಡಿಮೆಯಾಗಿ, ಕೆಲವು ನಾಯಿಗಳಲ್ಲಿ ನಿಂತೇ ಹೋಗುತ್ತದೆ. ಅಷ್ಟು ಹೊತ್ತಿಗೆ ಕೈ ಮೀರಿರುತ್ತದೆ. ಎಷ್ಟು ತಿಂದರೆ ಅಪಾಯ ಅನ್ನೋದಕ್ಕೆ ನೆಚ್ಚುವಂಥ ಅಳತೆ ಇಲ್ಲ. ಒಂದು ನಾಯಿ ಒಂದು ಗೊಂಚಲು ತಿಂದು ಆರಾಮಾಗಿರುತ್ತದೆ, ಇನ್ನೊಂದು ನಾಲ್ಕು ತಿಂದು ಮಲಗುತ್ತದೆ. ನಮ್ಮ ಜನ ಮೋಸ ಹೋಗುವುದೇ ಇಲ್ಲಿ: "ನಮ್ಮ ನಾಯಿ ಎಷ್ಟೋ ಸಲ ತಿಂದಿದೆ, ಏನಾಯ್ತು?"

ಯಾಕೆ ಹೀಗೆ ಅನ್ನೋದು ಬಹಳ ವರ್ಷ ಒಗಟಾಗಿತ್ತು. 2021ರಲ್ಲಿ ಅಮೆರಿಕದ ಎಎಸ್‌ಪಿಸಿಎ ಅನ್ನೋ ಪ್ರಾಣಿದಯಾ ಸಂಸ್ಥೆಯ ಪ್ರಾಣಿ ವಿಷ ವಿಭಾಗದ ವೈದ್ಯರು ಒಂದು ಸುಳಿವು ಹಿಡಿದರು. ಮಕ್ಕಳ ಆಟಕ್ಕೆ ಮನೆಯಲ್ಲೇ ಕಲಸಿದ ಹಿಟ್ಟನ್ನು ತಿಂದ ನಾಯಿಗೂ ದ್ರಾಕ್ಷಿ ತಿಂದ ನಾಯಿಯ ಹಾಗೇ ಕಿಡ್ನಿ ಕೆಟ್ಟಿತ್ತು. ಆ ಹಿಟ್ಟಿನಲ್ಲಿ ಇದ್ದದ್ದು ಕ್ರೀಮ್ ಆಫ್ ಟಾರ್ಟರ್. ಅದು ಟಾರ್ಟಾರಿಕ್ ಆಮ್ಲದ ಉಪ್ಪು, ದ್ರಾಕ್ಷಿಯ ಹುಳಿಯೂ ಅದೇ ಆಮ್ಲದ್ದು. ತಳಿ, ಹಣ್ಣಾದ ಹದ ಇವುಗಳ ಮೇಲೆ ಆ ಆಮ್ಲ ಹೆಚ್ಚುಕಡಿಮೆ ಆಗುತ್ತದೆ. ಅಳತೆ ಸಿಗದೇ ಇದ್ದದ್ದಕ್ಕೆ ಇದೂ ಒಂದು ಕಾರಣ ಇರಬಹುದು. ಎಟುಕದ ದ್ರಾಕ್ಷಿ ಹುಳಿ ಅಂತ ಬೈದು ಹೊರಟ ನರಿ, ಪಾಪ, ತನಗೇ ಗೊತ್ತಿಲ್ಲದೆ ಜೀವ ಉಳಿಸಿಕೊಂಡಿತು.

ಇದರಲ್ಲಿ ನಮಗೆ ಮುಖ್ಯವಾದದ್ದು ಇನ್ನೊಂದಿದೆ. ಅದೇ ಆಮ್ಲ ಹುಣಸೆಯಲ್ಲೂ ಜಾಸ್ತಿ ಇದೆ. ಹುಣಸೆ ತಿಂದು ಕಿಡ್ನಿ ಕೆಟ್ಟ ನಾಯಿಗಳ ವರದಿ 2022ರಲ್ಲಿ ಬಂತು. ಅಮೆರಿಕದ ಮನೆಗಳಲ್ಲಿ ಹುಣಸೆ ಅಪರೂಪ. ನಮ್ಮಲ್ಲಿ? ಡಬ್ಬದಲ್ಲಿ ಕೆಜಿಗಟ್ಟಲೆ, ಪುಳಿಯೋಗರೆ ಗೊಜ್ಜು ಬಾಟಲಿಯಲ್ಲಿ, ಕಿವುಚಿ ಎಸೆದ ಚರಟ ಕಸದ ಬುಟ್ಟಿಯಲ್ಲಿ. ಊರ ರಸ್ತೆಯ ಹುಣಸೆ ಮರದ ಕೆಳಗೆ ಮಾರ್ಚ್ ತಿಂಗಳಲ್ಲಿ ವಾಕಿಂಗ್ ಹೋದರೆ ಉದುರಿದ ಹಣ್ಣು ಎಷ್ಟೋ. ಕೆಂಚನ ಬೆಲ್ಟನ್ನು ಅಲ್ಲಿ ನಾನು ಗಿಡ್ಡ ಹಿಡಿಯುತ್ತೇನೆ. ಸಾರನ್ನ ಹಾಕುವವರು ಒಂದು ವಿಷಯ ನೆನಪಿಡಿ, ಅದರಲ್ಲಿ ಹುಣಸೆಯ ಜೊತೆ ಈರುಳ್ಳಿ, ಬೆಳ್ಳುಳ್ಳಿ, ಉಪ್ಪು ಎಲ್ಲ ಇರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನೇ ಒಡೆಯುತ್ತವೆ. ಮೊಸರನ್ನವೇ ವಾಸಿ.

ಒಣದ್ರಾಕ್ಷಿ ಹಸಿ ದ್ರಾಕ್ಷಿಗಿಂತ ಕೆಟ್ಟದ್ದು. ನೀರು ಆರಿ ಎಲ್ಲವೂ ಗಟ್ಟಿಯಾಗಿರುತ್ತದೆ, ಮೇಲಾಗಿ ಬಾಯಿಗೆ ಒಂದು ಹಿಡಿ ಸುಲಭಕ್ಕೆ ಹೋಗುತ್ತದೆ. ಕೇಸರಿಭಾತ್, ಶ್ಯಾವಿಗೆ ಪಾಯಸ, ಪಂಚಾಮೃತ, ಡಿಸೆಂಬರಿನ ಪ್ಲಮ್ ಕೇಕ್, ಮಕ್ಕಳು ಸೋಫಾ ಸಂದಿಯಲ್ಲಿ ಬೀಳಿಸಿದ ಡ್ರೈಫ್ರೂಟ್ಸ್. ವಿಜಯಪುರದ ಕಡೆ ನೆಂಟರಿದ್ದರೆ ಮನೆಗೆ ಬರುವುದೇ ಚೀಲದಲ್ಲಿ. ಬೆಂಗಳೂರು ಬ್ಲೂ ಆಗಲಿ, ಬೀಜವಿಲ್ಲದ ಹಸಿರು ದ್ರಾಕ್ಷಿಯಾಗಲಿ, ಸಿಪ್ಪೆ ಸುಲಿದರೂ ಅಷ್ಟೇ, ತೊಳೆದರೂ ಅಷ್ಟೇ.

ತಿಂದದ್ದು ಗೊತ್ತಾದರೆ ವಾಂತಿ ಆಗುತ್ತಾ ನೋಡೋಣ ಅಂತ ಕಾಯಬೇಡಿ. ಮೊದಲ ಎರಡು ಗಂಟೆ ಬಹಳ ಮುಖ್ಯ, ತಡವಾಗಿದ್ದರೂ ಹೋಗಲೇಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೇ ಉಪಾಯ ಬೇಡ. ಉಪ್ಪು ಹೆಚ್ಚಾಗಿ ಅದೇ ಇನ್ನೊಂದು ವಿಷವಾಗುತ್ತದೆ. ಉಳಿದ ತೊಟ್ಟೋ, ಪ್ಯಾಕೆಟ್ಟೋ ಇದ್ದರೆ ಜೊತೆಗೆ ಒಯ್ಯಿರಿ. ಎಷ್ಟು ತಿಂದಿದೆ ಅಂತ ಡಾಕ್ಟರು ಅದರಿಂದಲೇ ಅಂದಾಜು ಮಾಡುತ್ತಾರೆ. ರಾತ್ರಿ ತೆರೆದಿರುವ ಕ್ಲಿನಿಕ್ಕಿನ ನಂಬರನ್ನು ಹಬ್ಬದ ಹಿಂದಿನ ದಿನವೇ ಬರೆದಿಟ್ಟುಕೊಂಡರೆ ಒಳ್ಳೆಯದು.

ಬೇಸಿಗೆಗೆ: ಕಲ್ಲಂಗಡಿ, ಕರಬೂಜ, ಸೌತೆ

ಏಪ್ರಿಲ್ ಬಿಸಿಲಿಗೆ ನನ್ನ ಓಟು ಕಲ್ಲಂಗಡಿಗೆ. 100 ಗ್ರಾಂನಲ್ಲಿ ತೊಂಬತ್ತಕ್ಕೂ ಹೆಚ್ಚು ಗ್ರಾಂ ನೀರೇ. ಸಕ್ಕರೆ 6 ಗ್ರಾಂ, ಬಾಳೆಯಲ್ಲಿ ಅದರ ಎರಡರಷ್ಟು. ಕೆಂಪು ತಿರುಳನ್ನು ಹೋಳು ಮಾಡಿ, ಬೀಜ ಆರಿಸಿ, ಫ್ರೀಜರ್‌ನಲ್ಲಿಡಿ. ಒಂದೆರಡು ಬೀಜ ಹೋದರೆ ದೊಡ್ಡ ನಾಯಿಗೆ ಏನೂ ಆಗುವುದಿಲ್ಲ, ಪಗ್, ಪಾಮೇರಿಯನ್‌ನಂಥ ಚಿಕ್ಕವಕ್ಕೆ ಆರಿಸಿಯೇ ಕೊಡಿ. ಸಿಪ್ಪೆ ಮಾತ್ರ ಬೇಡ. ಹಸು ತಿನ್ನುತ್ತದೆ ಅಂತ ನಾಯಿಗೂ ಹಾಕುವವರಿದ್ದಾರೆ. ಹಸುವಿನ ಹೊಟ್ಟೆ ಬೇರೆ, ನಾಯಿಯ ಹೊಟ್ಟೆ ಬೇರೆ. ಆ ಗಟ್ಟಿ ಹಸಿರು ತುಂಡು ಕರುಳಲ್ಲಿ ಸಿಕ್ಕಿಕೊಳ್ಳಬಹುದು.

ಕರಬೂಜವೂ ಚೆನ್ನಾಗಿಯೇ ಆಗುತ್ತದೆ. ಒಂದೇ ಕಿರಿಕಿರಿ ಅಂದರೆ ಅದರ ಬಲೆಬಲೆ ಸಿಪ್ಪೆ. ಮಣ್ಣು, ಸೂಕ್ಷ್ಮಾಣು ಎಲ್ಲ ಅದರ ಸಂದಿಯಲ್ಲಿ ಕೂತಿರುತ್ತದೆ, ಕೊಯ್ಯುವಾಗ ಚಾಕುವಿನ ಜೊತೆ ಒಳಗೆ ಇಳಿಯುತ್ತದೆ. ಚೆನ್ನಾಗಿ ಉಜ್ಜಿ ತೊಳೆದೇ ಹೆಚ್ಚಿ. ಹಾಗೆ ನೋಡಿದರೆ ಈ ಎರಡನ್ನೂ ಮೀರಿಸುವುದು ಸೌತೆಕಾಯಿ. 100 ಗ್ರಾಂಗೆ ಬರೀ 15 ಕ್ಯಾಲೊರಿ. ಕಚಕಚ ಅಂತ ಅಗಿಯಲು ಸಿಗುತ್ತದೆ, ವರ್ಷವಿಡೀ ಸಿಗುತ್ತದೆ, ಅಗ್ಗ. ಕಹಿ ಇದ್ದರೆ ಬಿಸಾಕಿ.

ತಳ್ಳುಗಾಡಿಯವರು ಉಪ್ಪು ಖಾರ ಸವರಿ ಕೊಟ್ಟ ಹೋಳನ್ನು ಹಾಗೇ ನಾಯಿಗೆ ಕೊಡಬೇಡಿ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ? ಆದರೂ ಹೇಳುತ್ತಿದ್ದೇನೆ, ಕಬ್ಬನ್ ಪಾರ್ಕಿನಲ್ಲಿ ಕಣ್ಣಾರೆ ನೋಡಿದ್ದೇನೆ.

ದಿನದ ಮಟ್ಟಿಗೆ: ಪರಂಗಿಯೋ ಬಾಳೆಯೋ

ಎರಡೂ ವರ್ಷಪೂರ್ತಿ ಸಿಗುವುದರಿಂದ ನಿಜವಾದ ಪೈಪೋಟಿ ಇವೆರಡರ ನಡುವೆಯೇ.

ಪರಂಗಿಯಲ್ಲಿ ಕ್ಯಾಲೊರಿ ಬಾಳೆಯ ಅರ್ಧ. ಮೆತ್ತಗಿರುತ್ತದೆ, ಹಲ್ಲು ಬಿದ್ದ ಮುದಿ ನಾಯಿಗೂ ಸಲೀಸು. ಮಲ ಗಟ್ಟಿಯಾಗಿದ್ದರೆ ಸಡಿಲ ಮಾಡುತ್ತದೆ. ಅದೇ ಕಾರಣಕ್ಕೆ ಹೊಟ್ಟೆ ಕೆಟ್ಟಿರುವಾಗ ಕೊಡಬಾರದು. ಸಿಪ್ಪೆ, ಕರಿ ಬೀಜ ಎರಡನ್ನೂ ತೆಗೆಯಿರಿ. ಅರೆಗಾಯಿ ಬೇಡ, ಅದರ ಹಾಲು ಬಾಯಿಗೂ ಹೊಟ್ಟೆಗೂ ಉರಿ.

ಬಾಳೆಹಣ್ಣಿನ ಒಂದು ಗುಣ ಪರಂಗಿಗೆ ಇಲ್ಲ: ಅದರೊಳಗೆ ಮಾತ್ರೆ ಬಚ್ಚಿಡಬಹುದು. ಕೆಂಚನಿಗೆ ಜಂತುಹುಳದ ಮಾತ್ರೆ ನುಂಗಿಸುವುದು ಮೊದಲೆಲ್ಲ ಕುಸ್ತಿ ಪಂದ್ಯ. ಈಗ ಏಲಕ್ಕಿ ಬಾಳೆಯನ್ನು ಮೂರು ತುಂಡು ಮಾಡುತ್ತೇನೆ. ಮೊದಲನೆಯದು ಬರೀ ಹಣ್ಣು, ನಂಬಿಕೆ ಬರಲಿ ಅಂತ. ಎರಡನೆಯದರಲ್ಲಿ ಮಾತ್ರೆ. ಮೂರನೆಯದನ್ನು ಕಣ್ಣೆದುರು ಹಿಡಿದಿರುತ್ತೇನೆ. ಅದರ ಆಸೆಗೆ ಎರಡನೆಯದು ಅಗಿಯದೆ ಒಳಗೆ ಹೋಗುತ್ತದೆ. ಏಲಕ್ಕಿಯೇ ಇದಕ್ಕೆ ಸರಿ, ತಿರುಳು ಬಿಗಿ ಇರುತ್ತದೆ. ಪಚ್ಚಬಾಳೆ ಪೂರ್ತಿ ಹಣ್ಣಾದರೆ ಕೈಯಲ್ಲೇ ಕಲಸಿಹೋಗಿ ಮಾತ್ರೆ ಹೊರಗೆ ಇಣುಕುತ್ತದೆ. ಪಚ್ಚಬಾಳೆ ಗಾತ್ರದಲ್ಲೂ ಏಲಕ್ಕಿಯ ಎರಡು ಮೂರರಷ್ಟು, "ಒಂದು ಬಾಳೆಹಣ್ಣು" ಅಂತ ಯಾರಾದರೂ ಹೇಳಿದರೆ ಯಾವುದು ಅಂತ ಕೇಳಿ.

ಮಾತ್ರೆ ಇಲ್ಲದ ದಿನ ನಾನು ಪರಂಗಿಯನ್ನೇ ಆರಿಸುತ್ತೇನೆ. ಬಾಳೆಯಲ್ಲಿ ಸಕ್ಕರೆಯೂ ಪೊಟ್ಯಾಸಿಯಮ್ಮೂ ಹೆಚ್ಚು, ಕಿಡ್ನಿ ತೊಂದರೆ ಇರುವ ನಾಯಿಗೆ ಡಾಕ್ಟರನ್ನು ಕೇಳದೆ ಕೊಡಬಾರದು. ಹಾಲು ಬಾಳೆಹಣ್ಣು ಕಿವುಚಿ ಬಟ್ಟಲಲ್ಲಿ ಹಾಕುವ ಪ್ರೀತಿ ಹಳೇ ಮನೆಗಳಲ್ಲಿದೆ. ಬೆಳೆದ ನಾಯಿಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗದು. ಮಾರನೇ ದಿನ ಅಂಗಳ ತೊಳೆಯುವವರು ನೀವೇ.

ಮಾವು, ಹಲಸು

"ಹಸಿದು ಹಲಸು, ಉಂಡು ಮಾವು" ಅನ್ನೋ ಗಾದೆ ಮನುಷ್ಯರಿಗೆ. ನಾಯಿಗೆ ಎರಡನ್ನೂ ಉಂಡ ಮೇಲೆ, ಅದೂ ಚೂರೇ ಚೂರು.

ಮಾವಿನ ತಿರುಳು ವಿಷವಲ್ಲ. ಬಾದಾಮಿ, ರಸಪುರಿ, ಮಲ್ಲಿಕಾ ಯಾವುದಾದರೂ ಸರಿ, ಸಿಪ್ಪೆ ತೆಗೆದು ಹೋಳು ಮಾಡಿ ಕೊಡಬಹುದು. ಸಿಪ್ಪೆಯ ಸೊನೆ ತಾಗಿ ನಮ್ಮ ತುಟಿಯೇ ಹುಣ್ಣಾಗುತ್ತದೆ, ನಾಯಿಗೆ ಯಾಕೆ ಬೇಕು. ಸಕ್ಕರೆ ಕಲ್ಲಂಗಡಿಯ ಎರಡರಷ್ಟು. ಅಪಾಯ ಇರುವುದು ವಾಟೆಯಲ್ಲಿ. ನಾವು ಚೀಪಿ ಬಿಸಾಡಿದ ವಾಟೆ ಅಂದರೆ ನಾಯಿಗೆ ಮೂಳೆ ಸಿಕ್ಕಿದ ಹಾಗೆ. ಸಿಹಿ, ಜಾರಿಕೆ, ಅಗಿಯಲು ನಾರು. ಕಚ್ಚುತ್ತಾ ಕಚ್ಚುತ್ತಾ ಗುಳುಂ. ಹೊಟ್ಟೆಗೆ ಇಳಿದರೂ ಕರುಳಿನ ದಾರಿಯಲ್ಲಿ ಅಡ್ಡ ನಿಲ್ಲುತ್ತದೆ. ತಿಂದದ್ದೆಲ್ಲ ವಾಂತಿ, ಮಲ ಇಲ್ಲ, ಹೊಟ್ಟೆ ಮುಟ್ಟಿದರೆ ಮುಲುಗು. ಎಕ್ಸ್‌ರೇಯಲ್ಲಿ ಮೂಳೆಯಷ್ಟು ಸ್ಪಷ್ಟವಾಗಿ ಕಾಣುವುದೂ ಇಲ್ಲ, ಹಾಗಾಗಿ "ಮಾವಿನ ವಾಟೆ ಕಾಣೆಯಾಗಿದೆ" ಅಂತ ನೀವೇ ಬಾಯಿಬಿಟ್ಟು ಹೇಳಬೇಕು. ಕೊನೆಗೆ ಆಪರೇಷನ್ನೇ ದಾರಿ ಆಗಬಹುದು. ಮಾವಿನ ಕಾಲದಲ್ಲಿ ನಮ್ಮನೆ ಕಸದ ಬುಟ್ಟಿಗೆ ಮುಚ್ಚಳ, ಮುಚ್ಚಳದ ಮೇಲೆ ಕಲ್ಲು.

ಹಲಸಿನ ತೊಳೆಯನ್ನು ಬೆರಳುದ್ದ ಸೀಳಿ ಒಂದೆರಡು ಚೂರು ಕೊಟ್ಟು ನೋಡಬಹುದು. 100 ಗ್ರಾಂಗೆ 95 ಕ್ಯಾಲೊರಿ, ಬಾಳೆಗಿಂತಲೂ ಹೆಚ್ಚು. ಬೀಜ, ಮೇಣ, ಸಾರೆ ಯಾವುದೂ ಬೇಡ. ಗ್ಯಾಸ್ ಆಗುತ್ತದೆ. ಚಳಿಗಾಲದಲ್ಲಿ ಕಿಟಕಿ ಮುಚ್ಚಿ ನಾಯಿಯ ಜೊತೆ ಮಲಗುವವರು ಯೋಚಿಸಿ. ಎರಡರಲ್ಲಿ ಒಂದು ಅಂದರೆ ನಾನು ಮಾವು ಅಂತೀನಿ. ಹಲಸಿನದು ತೊಡಕು ಜಾಸ್ತಿ, ಲಾಭ ಕಡಿಮೆ.

ಮಲೆನಾಡು, ಕರಾವಳಿಯಲ್ಲಿ ತೋಟದ ನಾಯಿಗಳಿಗೆ ಯಾರೂ ಹೋಳು ಮಾಡಿ ಕೊಡುವುದಿಲ್ಲ, ಮರದಡಿಯಲ್ಲಿ ಬಿದ್ದದ್ದನ್ನು ತಾವೇ ತಿನ್ನುತ್ತವೆ. ಅಲ್ಲಿ ನೋಡಬೇಕಾದದ್ದು ಕೊಳೆತು ಹುಳಿಬಂದ ಹಣ್ಣು. ಅದರಲ್ಲಿ ಆಲ್ಕೋಹಾಲೂ ಇರುತ್ತದೆ, ಬೂಷ್ಟೂ ಇರುತ್ತದೆ. ಗೇರು ಮರದಡಿ ಇನ್ನೂ ಒಂದು. ಹಣ್ಣಿನ ತುದಿಯ ಹಸಿ ಬೀಜ ಕಚ್ಚಿದರೆ ಅದರ ಸಿಪ್ಪೆಯ ಎಣ್ಣೆ ಬಾಯಿ ಸುಡುತ್ತದೆ. ಗೇರುಬೀಜ ಸುಲಿದು ಕೈ ಸುಟ್ಟುಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬೀಜದ ತಕರಾರು ಇರುವವು

ಸೇಬು ಒಳ್ಳೆಯ ಆಯ್ಕೆ, ಕಲ್ಲಂಗಡಿ ಸಿಗದ ಕಾಲಕ್ಕೆ. ನಡುವಿನ ಗಟ್ಟಿ ಭಾಗ, ಬೀಜ ತೆಗೆಯಿರಿ. ಬೀಜವನ್ನು ಅಗಿದರೆ ಸಯನೈಡ್ ಬಿಡುಗಡೆಯಾಗುತ್ತದೆ ಅನ್ನೋದು ನಿಜ. ಒಂದೆರಡು ಬೀಜಕ್ಕೆ ಗಾಬರಿ ಬೀಳುವಂಥದ್ದೇನಿಲ್ಲ, ಆದರೆ ದಿನಾ ಕೊಡುವವರು ಅಸಡ್ಡೆ ಮಾಡಬಾರದು. ಸೀಬೆಯನ್ನು ಪೇರಲ ಅನ್ನಿ, ಚೇಪೆ ಅನ್ನಿ, ಹಣ್ಣಾಗಿ ಮೆತ್ತಗಾಗಿದ್ದರೆ ಕೊಡಬಹುದು. ಬೀಜ ವಿಷವಲ್ಲ, ಗಟ್ಟಿ ಅಷ್ಟೇ. ನಾನು ನಡುವಿನ ಬೀಜದ ಭಾಗ ಚಮಚದಲ್ಲಿ ಕೆರೆದು ನಾನೇ ತಿಂದುಬಿಡುತ್ತೇನೆ, ಸುತ್ತಿನದು ಅವನಿಗೆ.

ಸಪೋಟದ ಬೀಜಕ್ಕೆ ತುದಿಯಲ್ಲಿ ಸಣ್ಣ ಕೊಕ್ಕೆ ಇರುತ್ತದೆ, ಬೆರಳಲ್ಲಿ ಮುಟ್ಟಿ ನೋಡಿ. ಗಂಟಲಲ್ಲಿ ಸಿಕ್ಕಿಕೊಳ್ಳಲು ಅಷ್ಟು ಸಾಕು. ಬೀಜ, ಸಿಪ್ಪೆ ತೆಗೆದರೆ ಕಾಲು ಹಣ್ಣು ಪರವಾಗಿಲ್ಲ, ಸಿಹಿ ಮಾತ್ರ ವಿಪರೀತ. ಸೀತಾಫಲ ನನ್ನ ಪಟ್ಟಿಯಲ್ಲೇ ಇಲ್ಲ. ಅದರ ಬೀಜ ಅರೆದು ಹೇನಿಗೆ ಹಚ್ಚುತ್ತಿದ್ದರು, ಕಣ್ಣಿಗೆ ಬಿದ್ದರೆ ದೊಡ್ಡ ಅನಾಹುತ. ಅಂಥ ಬೀಜವನ್ನು ಒಂದೊಂದು ತಿರುಳಿನಿಂದ ಬಿಡಿಸಿ ನಾಯಿಗೆ ಕೊಡುವ ವ್ಯವಧಾನ ಯಾರಿಗಿದೆ? ನೇರಳೆಯೂ ಬೀಜ ಬಿಡಿಸಿದರೆ ಮಾತ್ರ. ತಿಂದ ಮೇಲೆ ನಾಲಿಗೆ ನೀಲಿಯಾಗುತ್ತದೆ. ಕೊಟ್ಟದ್ದು ಗೊತ್ತಿಲ್ಲದ ಮನೆಯವರು ಉಸಿರು ಕಟ್ಟಿದೆ ಅಂತ ಗಾಡಿ ತೆಗೆದಾರು, ಹೇಳಿ ಕೊಡಿ.

ಚಿಕ್ಕದಾಗಿ ಉಳಿದವು

ಕಿತ್ತಳೆ, ಮೂಸಂಬಿ: ಸಿಪ್ಪೆ, ಬೀಜ, ಬಿಳಿ ನಾರು ಬಿಟ್ಟು ಒಂದೆರಡು ತೊಳೆ. ಬಹಳ ನಾಯಿಗಳು ಮೂಸಿ ಮುಖ ತಿರುಗಿಸುತ್ತವೆ, ಬಲವಂತ ಬೇಡ. ನಿಂಬೆ ಬೇಡ. ಅಮಾವಾಸ್ಯೆಯ ಮಾರನೇ ದಿನ ಮೂರು ದಾರಿ ಕೂಡುವಲ್ಲಿ ಕುಂಕುಮ ಹಚ್ಚಿದ ನಿಂಬೆ, ಆಯುಧಪೂಜೆ ಮುಗಿದ ಬೆಳಿಗ್ಗೆ ರಸ್ತೆ ತುಂಬ ಒಡೆದ ಬೂದುಗುಂಬಳ. ಆ ಕುಂಕುಮದ ಬಣ್ಣದಲ್ಲಿ ಏನು ಬೆರೆಸಿರುತ್ತಾರೋ ಯಾರಿಗೆ ಗೊತ್ತು. ಆ ಎರಡು ದಿನ ವಾಕಿಂಗ್ ದಾರಿ ಬದಲಿಸಿ.

ಅನಾನಸ್ ನಡುವಿನ ದಿಂಡು ತೆಗೆದು ಚಿಕ್ಕ ಹೋಳು ಎರಡು ಮೂರು. ಅನಾನಸ್ ಕೊಟ್ಟರೆ ನಾಯಿ ಮಲ ತಿನ್ನುವುದು ಬಿಡುತ್ತದೆ ಅಂತ ಹೇಳುವವರಿದ್ದಾರೆ, ಅದಕ್ಕೆ ಆಧಾರ ಇಲ್ಲ. ದಾಳಿಂಬೆ ನಾಲ್ಕು ಕಾಳು ಸರಿ, ಬಟ್ಟಲು ತುಂಬ ತಿಂದರೆ ವಾಂತಿ. ಕೊಡಗಿನಿಂದ ಬರುವ ಬೆಣ್ಣೆಹಣ್ಣು ಬಿಟ್ಟುಬಿಡಿ. ಅದರ ಪರ್ಸಿನ್ ಅನ್ನೋ ಅಂಶ ಹಕ್ಕಿಗಳಿಗೆ ಮಾಡುವಷ್ಟು ಹಾನಿ ನಾಯಿಗೆ ಮಾಡದಿದ್ದರೂ ಕೊಬ್ಬು ಹೆಚ್ಚು, ಬೀಜವೂ ದೊಡ್ಡದು. ದಾರೆಹುಳಿಯಲ್ಲಿ (ಸ್ಟಾರ್ ಫ್ರೂಟ್) ಆಕ್ಸಲೇಟ್ ಅನ್ನೋ ಅಂಶ ಜಾಸ್ತಿ, ಕಿಡ್ನಿಗೆ ಆಗದು.

ತೆಂಗಿನಕಾಯಿ ಹಣ್ಣಲ್ಲ, ಆದರೂ ಕಾಯಿ ತುರಿಯುವ ಸದ್ದಿಗೆ ಬಾರದ ನಾಯಿ ಉಂಟೇ? ಉಗುರಗಲದ ಚೂರು ಕೊಡಿ, ಸಾಕು. 100 ಗ್ರಾಂ ಹಸಿ ಕಾಯಿಯಲ್ಲಿ 33 ಗ್ರಾಂ ಕೊಬ್ಬು. ಹಿಂದೆ ಪ್ಯಾಂಕ್ರಿಯಾಸ್ ತೊಂದರೆ ಆಗಿದ್ದ ನಾಯಿಗೆ ಅದೂ ಬೇಡ.

ಡಬ್ಬಿಯ ಹಣ್ಣು, ಜಾಮ್, ಜ್ಯೂಸ್, ರಸಾಯನ ಇವೆಲ್ಲ ಸಕ್ಕರೆ, ಬೆಲ್ಲದ ಪಾಕ. ಸಕ್ಕರೆ ಇಲ್ಲ ಅಂತ ಬರೆದ ಚೂಯಿಂಗ್ ಗಮ್, ಜಾಮ್ ಅದಕ್ಕಿಂತ ಭಯದ್ದು. ಸಕ್ಕರೆಯ ಬದಲು ಹಾಕುವ ಕ್ಸೈಲಿಟಾಲ್ ಅದರಲ್ಲಿ ಇದ್ದರೆ ನಾಯಿಯ ರಕ್ತದ ಸಕ್ಕರೆ ಅರ್ಧ ಗಂಟೆಯಲ್ಲೇ ಕುಸಿಯಬಹುದು, ಲಿವರ್ ಕೆಡಬಹುದು. ಲೇಬಲ್ ಓದಿ.

ನಿಮ್ಮ ನಾಯಿ ಯಾವುದು?

ಲ್ಯಾಬ್ರಡಾರ್ ಇದ್ದರೆ ಕಲ್ಲಂಗಡಿ, ಸೌತೆಕಾಯಿ ಬಿಟ್ಟು ಬೇರೆ ಕಡೆ ನೋಡಬೇಡಿ. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ಗೆ ಹಸಿವನ್ನು ಹಿಡಿತದಲ್ಲಿಡುವ ಜೀನ್‌ನಲ್ಲೇ ಒಂದು ತುಣುಕು ಇಲ್ಲ ಅಂತ ಕೇಂಬ್ರಿಡ್ಜ್‌ನ ಸಂಶೋಧಕರು 2016ರಲ್ಲಿ ಕಂಡುಕೊಂಡರು. ಅದು ಬೇಡುವುದು ನಾಟಕವಲ್ಲ, ನಿಜವಾಗಿ ಹಸಿವಾಗುತ್ತದೆ. ಹಾಗಂತ ಕೊಡುತ್ತಾ ಹೋದರೆ ತೂಕ ಏರಿ ಕಾಲಿನ ಕೀಲು ಕೆಡುತ್ತವೆ. ಮುಧೋಳ ನಾಯಿ ಇದರ ತದ್ವಿರುದ್ಧ. ಅದರ ಕೊನೆಯ ಪಕ್ಕೆಲುಬು ಕಾಣುವುದೇ ಆರೋಗ್ಯದ ಗುರುತು. ಬಡಕಲಾಗಿದೆ ಅಂತ ಬಾಳೆಹಣ್ಣು, ಖರ್ಜೂರ ತುರುಕಬೇಡಿ.

ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯವು ಉಸಿರು ಎಳೆಯುತ್ತಾ ನುಂಗುತ್ತವೆ, ಹೋಳು ಬಟಾಣಿಯಷ್ಟಿರಲಿ. ಮೂರ್ನಾಲ್ಕು ತಿಂಗಳ ಮರಿಗೆ ಹಣ್ಣಿನ ಅವಸರ ಬೇಡ. ಸಕ್ಕರೆ ಕಾಯಿಲೆ ಇದ್ದರೆ ಹಣ್ಣೇ ಬೇಡ ಅಂತ ಅಂದುಕೊಂಡು ಡಾಕ್ಟರು ಒಪ್ಪಿದರೆ ಮಾತ್ರ ಮುಂದುವರಿಯಿರಿ.

ಹೊಸ ಹಣ್ಣು ಅಂದರೆ ಒಂದು ಸಲಕ್ಕೆ ಒಂದೇ ಬಗೆ, ಒಂದೇ ಚೂರು. ಎರಡು ದಿನ ನೋಡಿ. ಕಿವಿ ಕೆರೆಯುತ್ತಾ? ಪಂಜ ನೆಕ್ಕುತ್ತಾ? ಮಲ ನೀರಾಯಿತಾ? ಏನೂ ಇಲ್ಲದಿದ್ದರೆ ಮುಂದಿನ ಸಲ ಎರಡು ಚೂರು. ಊಟದ ಮೇಜಿನಿಂದ ಕೊಡಬೇಡಿ, ಅದರ ಬಟ್ಟಲಲ್ಲೇ ಹಾಕಿ. ಈ ಕೊನೆಯ ನಿಯಮವನ್ನು ನಾನು ಪಾಲಿಸುತ್ತಿಲ್ಲ, ಒಪ್ಪಿಕೊಳ್ಳುತ್ತೇನೆ. ಅದಕ್ಕೇ ಪ್ಯಾಂಟು ಒದ್ದೆಯಾಗುವುದು.

ಅಮ್ಮ ಈಗ ಹಬ್ಬಕ್ಕೆ ದ್ರಾಕ್ಷಿಯ ಬದಲು ಸೀಬೆ ಇಡುತ್ತಾರೆ, ಪಾಯಸಕ್ಕೆ ಗೋಡಂಬಿ ಮಾತ್ರ. ಕೆಂಚನಿಗೆ ಸಂಜೆ ಐದಕ್ಕೆ ಸೌತೆಕಾಯಿ ಬಿಲ್ಲೆ. ತಿರುಳು ತಿಂದು ಸಿಪ್ಪೆಯ ಬಳೆಯನ್ನು ಜೋಪಾನವಾಗಿ ತಂದು ನನ್ನ ಚಪ್ಪಲಿಯೊಳಗೆ ಇಟ್ಟುಹೋಗುತ್ತಾನೆ.